ಹೊಳೆಯ ಏರಿಳಿತ, ಮೀನಿನ ಲೆಕ್ಕ ಬರೆದಿಡುವುದು ಹೇಗೆ? ತಿಳಿದವರು ಹೇಳಿ

ಹೊಳೆಬದಿಮನೆ (ಫೆಬ್ರವರಿ 2)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಇರುವುದು ಕುಮಾರಧಾರಾ ಸೇರುವ ಒಂದು ಹೊಳೆಯ ದಡದಲ್ಲಿ. ಅಂಗಳದಿಂದ ನೀರಿಗೆ ನಲವತ್ತೆರಡು ಮೆಟ್ಟಿಲು. ಅಡಿಕೆ ತೋಟ, ಸ್ವಲ್ಪ ಕಾಳುಮೆಣಸು, ಎರಡು ದನ. ತೋಟಕ್ಕೆ ಇದೇ ಹೊಳೆಯ ನೀರು, ಬಟ್ಟೆ ಒಗೆಯುವುದೂ ಇಲ್ಲೇ. ಇದು ನಾನು ಹುಟ್ಟಿದ ಮನೆ. ಯಾವ ತಿಂಗಳಲ್ಲಿ ನೀರು ಎಷ್ಟನೇ ಮೆಟ್ಟಿಲಲ್ಲಿ ಇರುತ್ತದೆ ಅಂತ ಕೇಳಿದರೆ ಕೂತಲ್ಲೇ ಹೇಳುತ್ತೇನೆ.

ಈ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ ಏಳಕ್ಕೆ ಪಂಪ್ ಹಾಕಲು ಇಳಿದಾಗ ನೀರು ಎಂದಿನಂತೆ ಒಗೆಯುವ ಕಲ್ಲಿನ ಅಂಚಿಗೆ ತಾಗುತ್ತಿತ್ತು. ಹತ್ತು ಗಂಟೆಗೆ ಬಟ್ಟೆ ಹಿಡಿದುಕೊಂಡು ಹೋದರೆ ಕಲ್ಲು ಬುಡದವರೆಗೂ ಹೊರಗೆ ನಿಂತಿದೆ. ಮೂರು ಗಂಟೆಯಲ್ಲಿ ಮೊಣಕಾಲುದ್ದ ನೀರು ಇಳಿದುಹೋಗಿತ್ತು. ಆ ಕಲ್ಲಿನ ಹಿಂದೆ ಒಂದು ಗುಂಡಿ ಇದೆ. ಯಾವಾಗಲೂ ಹೊಳೆಯ ಜೊತೆ ಸೇರಿಕೊಂಡೇ ಇರುತ್ತದೆ. ಅವತ್ತು ಅದು ಬೇರೆಯಾಗಿ ನಿಂತಿತ್ತು. ಒಳಗೆ ಪೆರುವೋಲು ಮೀನಿನ ಮರಿಗಳು, ಬೆರಳುದ್ದದಿಂದ ಗೇಣುದ್ದದವರೆಗೆ. ದೊಡ್ಡವುಗಳ ಬೆನ್ನು ನೀರಿನಿಂದ ಮೇಲೆ ಕಾಣುತ್ತಿತ್ತು. ಎಲ್ಲವೂ ಬಾಯಿ ಮೇಲೆ ಮಾಡಿ ತೆರೆದು ಮುಚ್ಚಿ ಮಾಡುತ್ತಿದ್ದವು. ಅನ್ನ ಕುದಿಯಲು ಶುರುವಾಗುವಾಗ ಸಣ್ಣಗೆ ಬರುತ್ತದಲ್ಲ, ಆ ಥರದ ಸದ್ದು.

ಮಗನನ್ನು ಕೂಗಿ ಕರೆದೆ. ಹಳೆ ಸೀರೆಯ ಎರಡು ತುದಿ ಹಿಡಿದು ಬಲೆಯ ಹಾಗೆ ಎಳೆದೆವು, ಕೊಡಪಾನದಲ್ಲಿ ತುಂಬಿ ಹೊಳೆಗೆ ಬಿಟ್ಟೆವು. 31 ಬದುಕಿದವು, 9 ಸತ್ತವು. ಸಂಜೆ ದೀಪ ಹಚ್ಚುವ ಹೊತ್ತಿಗೆ ನೀರು ವಾಪಸ್ ಕಲ್ಲಿನ ಅಂಚಿಗೆ ಬಂದಿತ್ತು. ಮರುದಿನವೂ ಹೀಗೇ ಆಯಿತು, ಅದರ ಮರುದಿನವೂ.

ನಮ್ಮ ಮೇಲ್ಗಡೆ ಒಂದು ಸಣ್ಣ ಜಲವಿದ್ಯುತ್ ಘಟಕ ಇದೆ. ಹೆಸರು ಇಲ್ಲಿ ಬೇಡ. ನಾಲ್ಕು ಮನೆಯವರು ಸೇರಿ ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ಕೂರಿಸಿ ಮಾತಾಡಿಸಿದರು, ನೀರು ಕೊಟ್ಟರು. ಆಮೇಲೆ ಹೇಳಿದರು: “ದಿನದ ಸರಾಸರಿ ನೋಡಿದರೆ ಬಿಡಬೇಕಾದ ನೀರು ಬಿಟ್ಟಿದ್ದಾರೆ. ಇಳಿಯಿತು ಅನ್ನುವುದಕ್ಕೆ ನಿಮ್ಮ ಹತ್ತಿರ ದಾಖಲೆ ಏನಿದೆ?” ನಮ್ಮ ಹತ್ತಿರ ಏನೂ ಇರಲಿಲ್ಲ. ಫೋಟೋ ತೆಗೆಯಬೇಕು ಅಂತಲೂ ಆ ಗಡಿಬಿಡಿಯಲ್ಲಿ ಹೊಳೆದಿರಲಿಲ್ಲ.

ನನ್ನ ಅಪ್ಪ ಇದನ್ನು ಮಾಡುತ್ತಿದ್ದರು. 74ರ ನೆರೆಯಲ್ಲಿ ನೀರು ಎಲ್ಲಿಗೆ ಬಂದಿತ್ತು ಅಂತ ಮೇಲಿನ ಬಂಡೆಯಲ್ಲಿ ಉಳಿಯಿಂದ ಗೀರಿದ್ದಾರೆ, ಈಗಲೂ ಇದೆ. ಪ್ರತಿ ವರ್ಷ ಹೊಳೆಗೆ ಕಟ್ಟ ಹಾಕಿದ ದಿನ, ಪತ್ತನಾಜೆ (ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ದಿನ) ಕಳೆದು ಮೊದಲ ಉಬರ್ ಮೀನು, ಅಂದರೆ ಹೊಸ ಮಳೆ ನೀರಿಗೆ ಮೇಲೆ ಬರುವ ಮೀನು, ಹತ್ತಿದ ದಿನ, ಎರಡನ್ನೂ ಅಡಿಕೆ ಲೆಕ್ಕದ ಪುಸ್ತಕದ ಕೊನೆ ಹಾಳೆಯಲ್ಲಿ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ನಿಂತುಹೋಯಿತು. ಮುಂದುವರಿಸಬೇಕಾಗಿದ್ದವಳು ನಾನೇ. ಆ ಬೇಸರ ನನಗೆ ಇದೆ.

ಈಗ ಮತ್ತೆ ಶುರು ಮಾಡಬೇಕು ಅಂತಿದ್ದೇನೆ. ಏನನ್ನು ಅಳೆಯಬೇಕು, ದಿನಕ್ಕೆ ಎಷ್ಟು ಸಲ? ಬರೀ ನೀರಿನ ಎತ್ತರ ಬರೆದರೆ ಸಾಕಾ, ಎಷ್ಟು ನೀರು ಹರಿಯಿತು ಅಂತಲೂ ಬೇಕಾ? ಮೀನನ್ನು ಹಿಡಿಯದೆ, ಹಿಂಸೆ ಮಾಡದೆ ಎಣಿಸುವುದು ಹೇಗೆ? ನಮ್ಮಂಥವರು ಬರೆದದ್ದನ್ನು ಯಾರಾದರೂ ಒಪ್ಪುತ್ತಾರಾ?

ಹಳೆಗೇಜು

ತಂಗೀ, ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡಿ. ಉಪಕರಣ ಬರಲಿ ಅಂತ ಕಾಯಬೇಡಿ.

ನಾನು 29 ವರ್ಷ ನದಿ ಅಳೆಯುವ ಸೈಟ್‌ಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಾವೇರಿ ಕಡೆ ಇದ್ದೆ, ಪಶ್ಚಿಮಕ್ಕೆ ಹರಿಯುವ ಹೊಳೆಗಳ ಕಡೆಯೂ ಇದ್ದೆ. ನಿಮ್ಮ ನೀರು ಕುಮಾರಧಾರಾ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ ಬಂಟ್ವಾಳಕ್ಕೆ ಬರುತ್ತದೆ ಅಲ್ವಾ? ಅಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ ಇದೆ. ಆದರೆ ಬಂಟ್ವಾಳದಲ್ಲಿ ನಿಂತವರಿಗೆ ನಿಮ್ಮ ಒಗೆಯುವ ಕಲ್ಲು ಹೊರಗೆ ಬಂದದ್ದು ಕಾಣುವುದಿಲ್ಲ. ಎಷ್ಟೋ ಹೊಳೆ ಸೇರಿ ಬಂದ ನೀರು ಅದು. ಒಂದು ಹೊಳೆ ಕೆಲವು ಗಂಟೆ ಇಳಿದದ್ದು ಅಲ್ಲಿಗೆ ಮುಟ್ಟುವಾಗ ದೊಡ್ಡ ನೀರಿನಲ್ಲಿ ಸೇರಿಹೋಗಿರುತ್ತದೆ. ಹಾಗಾಗಿ ನಿಮ್ಮ ಹೊಳೆಯ ಲೆಕ್ಕವನ್ನು ನಿಮ್ಮ ದಡದಲ್ಲೇ ಇಡಬೇಕು.

ಮೊದಲು ಗೇಜ್ ಪಟ್ಟಿ, ಅಂದರೆ ನೀರಿನ ಮಟ್ಟ ಓದುವ ಅಳತೆಪಟ್ಟಿ. ನಮ್ಮ ಸೈಟ್‌ಗಳಲ್ಲಿ ಎನಾಮೆಲ್ ಪಟ್ಟಿ ಇರುತ್ತಿತ್ತು. ನಿಮಗೆ ಬಂಡೆಯ ಮೇಲೆ ಆಯಿಲ್ ಪೇಂಟ್ ಸಾಕು. ನೀರು ಸುಳಿ ತಿರುಗದ, ನೊರೆ ಏಳದ ಜಾಗದಲ್ಲಿ ನೆಟ್ಟಗಿನ ಬಂಡೆ ಹುಡುಕಿ. ಸೆಂಟಿಮೀಟರ್ ಗುರುತು ಹಾಕಿ, ಐದಕ್ಕೊಂದು ಉದ್ದ ಗೆರೆ ಎಳೆಯಿರಿ. ಸೊನ್ನೆಯನ್ನು ನೀವು ಕಂಡ ಅತಿ ಕಡಿಮೆ ನೀರಿಗಿಂತಲೂ ಕೆಳಗೆ ಇಡಿ. ಆಮೇಲೆ ನೆರೆಗೆ ಅಲ್ಲಾಡದ ಒಂದು ಗುರುತಿನಿಂದ ಆ ಸೊನ್ನೆ ಎಷ್ಟು ಕೆಳಗಿದೆ ಅಂತ ಲೆವೆಲ್ ಟ್ಯೂಬ್ (ನೀರು ತುಂಬಿದ ಪೈಪ್) ಹಿಡಿದು ಅಳೆದು ಬರೆದಿಡಿ. ನಿಮ್ಮ ತಂದೆಯವರ 74ರ ಗೀರು ಇದೆಯಲ್ಲ, ಅದಕ್ಕಿಂತ ಒಳ್ಳೆ ಗುರುತು ಬೇಕಿಲ್ಲ. ಮುಂದೆ ಪೇಂಟ್ ಹೋದರೂ, ಯಾರಾದರೂ ಅಳಿಸಿದರೂ, ಆ ಗೀರಿನಿಂದ ಅಳೆದು ಅದೇ ಜಾಗಕ್ಕೆ ಸೊನ್ನೆಯನ್ನು ಮತ್ತೆ ತರಬಹುದು. ಹೀಗೆ ಮಾಡಿದರೆ ಹತ್ತು ವರ್ಷದ ಅಂಕಿ ಒಂದೇ ಸರದಲ್ಲಿ ಉಳಿಯುತ್ತದೆ.

ನಾವು ಸಾಧಾರಣ ದಿನಗಳಲ್ಲಿ ಬೆಳಿಗ್ಗೆ 8, ಮಧ್ಯಾಹ್ನ 1, ಸಂಜೆ 6 ಅಂತ ಮೂರು ಸಲ ಮಟ್ಟ ಓದುತ್ತಿದ್ದೆವು. ನೆರೆಯಲ್ಲಿ ಗಂಟೆಗೊಮ್ಮೆ, ರಾತ್ರಿಯಿಡೀ, ಟಾರ್ಚ್ ಹಿಡಿದು. ನಿಮಗೆ 7, 10, 1, 6 ಬೇಕು. ನಿಮ್ಮ ನೀರು ಇಳಿಯುವುದು 7ಕ್ಕೂ 10ಕ್ಕೂ ನಡುವೆ. ಬರೀ 8ಕ್ಕೆ ಓದಿದರೆ ಪುಸ್ತಕದಲ್ಲಿ ಹೊಳೆ ಚೆನ್ನಾಗಿಯೇ ಕಾಣುತ್ತದೆ. ಪ್ರತಿ ಓದಿನ ಮುಂದೆ ಗಡಿಯಾರದ ಸಮಯ ಬರೆಯಿರಿ, ಅಂದಾಜು ಸಮಯ ಬೇಡ. ಜೊತೆಗೆ ಮೊಬೈಲ್‌ನಲ್ಲಿ ಪಟ್ಟಿಯ ಫೋಟೋ ತೆಗೆಯಿರಿ.

ಈಗ ಆ ಸರಾಸರಿಯ ವಿಷಯ. ಬೇಸಿಗೆಯಲ್ಲಿ ಹೊಳೆಯ ನೀರು ಒಂದು ಟರ್ಬೈನ್ ತಿರುಗಿಸಲೂ ಸಾಲದಿದ್ದರೆ ಘಟಕದವರು ಒಡ್ಡಿನ ಹಿಂದೆ ನೀರು ತುಂಬಿಸುತ್ತಾರೆ. ಕರೆಂಟಿಗೆ ಬೇಡಿಕೆ ಜಾಸ್ತಿ ಇರುವ ಸಂಜೆ ಹೊತ್ತಿಗೆ ಯಂತ್ರ ಓಡಿಸುತ್ತಾರೆ. ತುಂಬಿಸುವ ಹೊತ್ತಿನಲ್ಲಿ ಕೆಳಗಿನವರಿಗೆ ನೀರಿಲ್ಲ. ಒಂದು ಲೆಕ್ಕ ನೋಡಿ. ದಿನದಲ್ಲಿ 14 ಗಂಟೆ ಸೆಕೆಂಡಿಗೆ 3 ಘನ ಮೀಟರ್ ಹರಿಯಿತು, ಉಳಿದ 10 ಗಂಟೆ ಬರೀ 0.3 ಹರಿಯಿತು ಅಂತಿಟ್ಟುಕೊಳ್ಳಿ. ಸರಾಸರಿ ತೆಗೆದರೆ ಹೆಚ್ಚುಕಡಿಮೆ 1.9 ಬರುತ್ತದೆ. ಕಾಗದದ ಮೇಲೆ ಒಳ್ಳೆಯ ಅಂಕಿ. ಆದರೆ ಆ ದಿನ ಹೊಳೆಯಲ್ಲಿ 1.9 ಯಾವ ಗಂಟೆಯಲ್ಲೂ ಇರಲಿಲ್ಲ. ಕಚೇರಿಯವರು ಹೇಳಿದ್ದು ಸುಳ್ಳಲ್ಲ, ನೀವು ಕಂಡದ್ದೂ ಸುಳ್ಳಲ್ಲ. ಅವರು ದಿನ ನೋಡುತ್ತಿದ್ದಾರೆ, ನೀವು ಗಂಟೆ ತೋರಿಸಬೇಕು.

ಹರಿವು ಲೆಕ್ಕ ಹಾಕಬೇಕಾದರೆ ಅದೂ ಕಷ್ಟ ಇಲ್ಲ. ಹೊಳೆ ನೇರವಾಗಿ ಹರಿಯುವ ಕಡೆ 10 ಮೀಟರ್ ಅಳೆದು ಎರಡು ಹಗ್ಗ ಅಡ್ಡ ಕಟ್ಟಿ. ಒಂದು ಹಗ್ಗದ ಉದ್ದಕ್ಕೂ ಪ್ರತಿ ಮೀಟರಿಗೆ ಬಿದಿರು ಕೋಲು ಇಳಿಸಿ ಆಳ ಬರೆಯಿರಿ. ಅಗಲ 12 ಮೀಟರ್, ಸರಾಸರಿ ಆಳ 40 ಸೆಂಟಿಮೀಟರ್ ಬಂತು ಅಂದರೆ ಅಡ್ಡಕೊಯ್ತ 4.8 ಚದರ ಮೀಟರ್. ಆಮೇಲೆ ತೇಲುವ ವಸ್ತು ಬಿಡಿ. ಹಣ್ಣು ಕಿತ್ತಳೆ ಒಳ್ಳೆಯದು, ಪೂರ್ತಿ ಮುಳುಗುವುದೂ ಇಲ್ಲ, ಗಾಳಿಗೆ ಸಿಕ್ಕಿ ಓಡುವುದೂ ಇಲ್ಲ. 10 ಮೀಟರ್ ದಾಟಲು 25 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಬೇಗ ಹೋಗುವುದರಿಂದ 0.85ರಿಂದ ಗುಣಿಸಿ. 0.34 ಆಯಿತು. 4.8ರಿಂದ ಗುಣಿಸಿದರೆ ಸೆಕೆಂಡಿಗೆ 1.63 ಘನ ಮೀಟರ್, ಅಂದರೆ ಸುಮಾರು 58 ಕ್ಯುಸೆಕ್ (ಸೆಕೆಂಡಿಗೆ 58 ಘನ ಅಡಿ). ಐದಾರು ಸಲ ಬೇರೆ ಬೇರೆ ಜಾಗದಲ್ಲಿ ಬಿಟ್ಟು ಸರಾಸರಿ ತೆಗೆದುಕೊಳ್ಳಿ. ಇದನ್ನೇ ನೀರು ಹೆಚ್ಚಿದ್ದಾಗ, ಮಧ್ಯಮ ಇದ್ದಾಗ, ಇಳಿದಾಗ ಹತ್ತು ಹನ್ನೆರಡು ಸಲ ಮಾಡಿದರೆ ಪಟ್ಟಿಯಲ್ಲಿ ಇಷ್ಟು ಸೆಂಟಿಮೀಟರ್ ಇದ್ದರೆ ಇಷ್ಟು ನೀರು ಅಂತ ಒಂದು ಗೆರೆ ಎಳೆಯಬಹುದು. ಆಮೇಲೆ ದಿನಾ ಪಟ್ಟಿ ಓದಿದರೆ ಸಾಕು. ದೊಡ್ಡ ನೆರೆ ಬಂದು ತಳದ ಮರಳು, ಕಲ್ಲು ಅದಲು ಬದಲಾದರೆ ಮಾತ್ರ ಗೆರೆಯನ್ನು ಮತ್ತೆ ಪರೀಕ್ಷಿಸಬೇಕು. ಹೊಳೆಗೆ ಇಳಿಯುವಾಗ ಒಬ್ಬರೇ ಇಳಿಯಬೇಡಿ. ಮೇಲೆ ಯಂತ್ರ ಓಡಿದರೆ ನೀರು ಹೇಳದೆ ಏರುತ್ತದೆ.

ಇನ್ನೊಂದು ಮಾತು ಬಹಳ ಮುಖ್ಯ. ಓದದ ದಿನ ಖಾಲಿ ಬಿಡಿ. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಜ್ವರ ಬಂದು ಒಂದು ಸಂಜೆಯ ಓದು ತಪ್ಪಿತು. ಮಧ್ಯಾಹ್ನ 60, ಮರುದಿನ ಬೆಳಿಗ್ಗೆ 64 ಇತ್ತು. ನಡುವೆ 62 ಅಂತ ತುಂಬಿಸಿದೆ. ಆ ರಾತ್ರಿ ಮೇಲೆ ಮಳೆ ಬಿದ್ದು ಹೊಳೆ ಆಳೆತ್ತರ ಏರಿ ಇಳಿದಿತ್ತು, ಮರಕ್ಕೆ ಸಿಕ್ಕಿದ್ದ ಕಸ ನೋಡಿ ಆಮೇಲೆ ಗೊತ್ತಾಯಿತು. ಆ 62 ಅನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಇಷ್ಟು ವರ್ಷ ಕಳೆದರೂ ಮರೆತಿಲ್ಲ.

ಕಾವೇರಿತೀರ

ಅಕ್ಕಾ, ನಾನು ಹೊಳೆ ಮೀನಿನ ಮೇಲೆ ಓದುತ್ತಿರುವವಳು. ನೀವು ಪೆರುವೋಲು ಅನ್ನುವುದನ್ನು ನಮ್ಮ ಕಾವೇರಿ ಕಡೆ ಬಿಳಿಮೀನು ಅನ್ನುತ್ತಾರೆ. ಪುಸ್ತಕದ ಹೆಸರು ಮಹಶೀರ್.

ಮೊದಲು ಒಂದು ಸಂತೋಷದ ವಿಷಯ. ಗುಂಡಿಯಲ್ಲಿ ಬೆರಳುದ್ದದ ಮರಿಗಳಿದ್ದವು ಅಂತ ಬರೆದಿದ್ದೀರಿ. ಜನವರಿಯಲ್ಲಿ ಬೆರಳುದ್ದ ಇದ್ದರೆ ಅವು ಕಳೆದ ಮಳೆಗಾಲದಲ್ಲಿ ಹುಟ್ಟಿದವು. ಅಂದರೆ ನಿಮ್ಮ ಹೊಳೆಯಲ್ಲಿ ಇನ್ನೂ ಮೊಟ್ಟೆ ಇಡುವ ಜಾಗ ಇದೆ. ಈ ಮೀನು ಮಳೆಗಾಲದ ನೀರಿನಲ್ಲಿ ಮೇಲೆ ಹತ್ತಿ, ಶುದ್ಧವಾದ ಜಲ್ಲಿಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಕೆಸರು ಕೂತರೆ ಅಥವಾ ನೀರು ಇಳಿದು ಜಲ್ಲಿ ಒಣಗಿದರೆ ಮೊಟ್ಟೆ ಹೋಯಿತು. ಹಾಗಾಗಿ ಎಷ್ಟು ಮೀನು ಅನ್ನುವುದರ ಜೊತೆಗೆ ಯಾವ ಅಳತೆಯವು ಎಷ್ಟು ಅಂತಲೂ ಬರೆಯಬೇಕು. ಬೆರಳುದ್ದ, ಗೇಣುದ್ದ, ಮೊಳದುದ್ದ, ಅದಕ್ಕಿಂತ ದೊಡ್ಡದು. ಇಷ್ಟೇ ಸಾಕು. ಒಂದು ವರ್ಷ ಬೆರಳುದ್ದದವು ಕಾಣಲೇ ಇಲ್ಲ ಅಂದರೆ ಆ ಮಳೆಗಾಲದಲ್ಲಿ ಏನೋ ಆಗಿದೆ ಅಂತ ತಿಳಿಯುತ್ತದೆ, ದೊಡ್ಡ ಮೀನು ಎಷ್ಟೇ ಇರಲಿ.

ಹಿಡಿಯುವುದು ಬೇಡ. ಎರಡು ಗುಂಡಿ ಆರಿಸಿಕೊಳ್ಳಿ, ಒಂದು ನಿಮ್ಮ ಕಲ್ಲಿನ ಹತ್ತಿರದ್ದು, ಇನ್ನೊಂದು ಎಷ್ಟೇ ಇಳಿದರೂ ಬತ್ತದ ಆಳದ್ದು. ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತು, ಅದೇ ಬಂಡೆ ಮೇಲೆ ಕೂತು ಹತ್ತು ನಿಮಿಷ ನೋಡಿ. ಬಿಸಿಲು ನೇರ ಬೀಳುವ ಹೊತ್ತಾದರೆ ತಳ ಕಾಣುತ್ತದೆ. ನೆರಳು ನೀರಿನ ಮೇಲೆ ಬೀಳದ ಹಾಗೆ ಕೂರಿ. ಒಂದೇ ಸಲಕ್ಕೆ ಕಂಡ ಅತಿ ಜಾಸ್ತಿ ಸಂಖ್ಯೆಯನ್ನು ಬರೆಯಿರಿ, ಇಲ್ಲದಿದ್ದರೆ ಸುತ್ತು ಹಾಕಿ ಬಂದ ಮೀನನ್ನೇ ಮತ್ತೆ ಎಣಿಸುತ್ತೀರಿ. ಶಿಶಿಲ, ತೊಡಿಕಾನದಲ್ಲಿ ದೇವರ ಮೀನಿಗೆ ತಿನ್ನಲು ಹಾಕುವ ಹಾಗೆ ಇಲ್ಲಿ ಏನೂ ಹಾಕಬೇಡಿ. ರುಚಿ ಹತ್ತಿದ ಮೇಲೆ ದೂರದ ಗುಂಡಿಯವೂ ಬರುತ್ತವೆ, ಲೆಕ್ಕ ಕೆಡುತ್ತದೆ. ಒಂದು ಅಗ್ಗದ ಥರ್ಮಾಮೀಟರ್ ಇಟ್ಟುಕೊಂಡು ಗುಂಡಿಯ ನೀರಿನ ಬಿಸಿಯನ್ನೂ ಬರೆಯಿರಿ. ತುಂಡಾದ ಗುಂಡಿ ಬಿಸಿಲಿಗೆ ಬೇಗ ಕಾಯುತ್ತದೆ, ಕಾದ ನೀರಿನಲ್ಲಿ ಮೀನಿಗೆ ಉಸಿರು ಸಾಲುವುದಿಲ್ಲ. ನೀವು ಕೇಳಿದ ಸದ್ದು ಅದೇ.

ಯಾರಾದರೂ ಒಪ್ಪುತ್ತಾರಾ ಅಂತ ಕೇಳಿದ್ದೀರಿ. ಕಾವೇರಿಯಲ್ಲಿ ಆದದ್ದು ಹೇಳುತ್ತೇನೆ. ಸಂಗಮದ ಕೆಳಗೆ ಗಾಲಿಬೋರೆಯಲ್ಲಿ ಗಾಳ ಹಾಕುವವರ ಶಿಬಿರ ಇತ್ತು. ಹಿಡಿದ ಬಿಳಿಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮ. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ತೂಕ ಎಷ್ಟು, ಬಣ್ಣ ಯಾವುದು ಅಂತ ಪುಸ್ತಕದಲ್ಲಿ ಬರೆಯುತ್ತಿದ್ದರು. ಯಾರೂ ಅದನ್ನು ಸಂಶೋಧನೆಗೆ ಅಂತ ಬರೆದದ್ದಲ್ಲ. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಆಮೇಲೆ ವಿಜ್ಞಾನಿಗಳು ಕೂತು ನೋಡಿದರು. 23,620 ಗಂಟೆಗಳ ಗಾಳ, 6,161 ಮೀನು. ಸುಮ್ನೆ ಮೊತ್ತ ನೋಡಿದರೆ ಖುಷಿಯಾಗುತ್ತದೆ, ಗಂಟೆಗೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗಿತ್ತು. ಆದರೆ ತೂಕ ಇಳಿದಿತ್ತು. ಬಣ್ಣದ ಕಾಲಂ ನೋಡಿದಾಗ ನಿಜ ಗೊತ್ತಾಯಿತು. ಜಾಸ್ತಿಯಾದದ್ದು ನೀಲಿ ರೆಕ್ಕೆಯ ಮಹಶೀರ್. ಅದು ಹೊರಗಿನಿಂದ ಮರಿ ತಂದು ಬಿಟ್ಟ ಜಾತಿ. ಕಾವೇರಿಯದ್ದೇ ಆದ, ಬೆನ್ನು ಗೂನಾಗಿ ಏಳುವ ಕಿತ್ತಳೆ ರೆಕ್ಕೆಯ ದೊಡ್ಡ ಮೀನು ಆ ಹದಿನೈದು ವರ್ಷಗಳಲ್ಲಿ ಪುಸ್ತಕದಿಂದ ಹೆಚ್ಚುಕಡಿಮೆ ಮರೆಯಾಗಿತ್ತು. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ್ದು ಸಿಕ್ಕಿತ್ತು, ಅದೇ ಬಳಗದ ಮೀನು. ಇಷ್ಟು ದೊಡ್ಡ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಬಣ್ಣ ಬರೆಯುವುದು ಯಾಕೆ ಅಂತ ಶಿಬಿರದವರು ಬಿಟ್ಟಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಅಕ್ಕಾ, ರೆಕ್ಕೆಯ ಬಣ್ಣವನ್ನೂ ಬರೆಯಿರಿ.

ಮೀನು ಕಾಣದ ದಿನ 0 ಅಂತ ಬರೆಯಿರಿ. ನೋಡಲು ಹೋಗದ ದಿನ ಮಾತ್ರ ಖಾಲಿ. ಇವೆರಡು ಬೇರೆ ಬೇರೆ. ನಿಮ್ಮ ತಂದೆಯವರ ಅಡಿಕೆ ಲೆಕ್ಕದ ಪುಸ್ತಕಗಳನ್ನು ದಯವಿಟ್ಟು ಗೆದ್ದಲು ಹಿಡಿಯುವ ಮೊದಲು ಫೋಟೋ ತೆಗೆದಿಡಿ. ಉಬರ್ ಹತ್ತಿದ ದಿನಾಂಕ ಅಷ್ಟು ವರ್ಷದ್ದು ಒಂದೇ ಮನೆಯಲ್ಲಿ ಇರುವುದು ನಾನು ಕೇಳಿಯೇ ಇಲ್ಲ.

ನಾಲೆಬಯಲು

ನಾನು ಮಂಡ್ಯ ಕಡೆಯ ಭತ್ತದ ರೈತ. ನಮಗೆ ನೀರಿನ ಲೆಕ್ಕ ಅಂದರೆ ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದದ್ದೇ ಕಾವೇರಿಯಲ್ಲಿ ಅಂತಿಮ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು ಅಂತ ಹೇಳಿತು. ಅದನ್ನು ತಿಂಗಳಿಗೆ ಹಂಚಿದ್ದಾರೆ, ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಹೀಗೆ. ಫೆಬ್ರವರಿಯಿಂದ ಮೇ ತನಕ ತಿಂಗಳಿಗೆ 2.5. ಈ ನಾಲ್ಕು ತಿಂಗಳ 10 ಟಿಎಂಸಿ ಹೊಳೆಯ ಪರಿಸರಕ್ಕೆ ಅಂತ ಇಟ್ಟದ್ದು. ನಿಜ ಹೇಳಬೇಕೆಂದರೆ ಆ 10 ಟಿಎಂಸಿ ಬಗ್ಗೆ ನಮ್ಮ ಊರಿನಲ್ಲಿ ಯಾರೂ ಒಳ್ಳೆ ಮಾತು ಆಡುವುದಿಲ್ಲ. ಬೆಳೆ ಒಣಗುವಾಗ ಮೀನಿಗೆ ನೀರಾ ಅನ್ನುತ್ತೇವೆ. ನಾನೂ ಅಂದಿದ್ದೇನೆ.

ಈ ಚರ್ಚೆ ಓದಿದ ಮೇಲೆ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ 2.5 ಟಿಎಂಸಿ ಅಂದರೆ ಹಗಲು ರಾತ್ರಿ ಒಂದೇ ಸಮ ಹರಿಸಿದರೆ ಹತ್ತಿರ ಹತ್ತಿರ 1,000 ಕ್ಯುಸೆಕ್. ಅದನ್ನೇ ಅರ್ಧ ದಿನ 2,000, ಅರ್ಧ ದಿನ ಸೊನ್ನೆ ಅಂತ ಬಿಟ್ಟರೂ ತಿಂಗಳ ಕೊನೆಗೆ ಅದೇ 2.5 ಬರುತ್ತದೆ. ಮೀನಿಗೆ ಅಂತ ಒಂದಿಷ್ಟು ನೀರು ಇಟ್ಟ ಮೇಲೆ, ಅದು ಮೀನಿಗೆ ಉಪಯೋಗವಾಗುವ ಹಾಗೆ ಹರಿಯಬೇಕು ಅಲ್ವಾ? ಇಲ್ಲದಿದ್ದರೆ ನಮಗೂ ಸಿಗಲಿಲ್ಲ, ಮೀನಿಗೂ ಸಿಗಲಿಲ್ಲ.

ಅಕ್ಕಾ, ಕಚೇರಿಗೆ ಹೋಗುವಾಗ ಎರಡು ವಿಷಯ ನೆನಪಿಟ್ಟುಕೊಳ್ಳಿ. 25 ಮೆಗಾವಾಟ್‌ಗಿಂತ ಸಣ್ಣ ಜಲವಿದ್ಯುತ್ ಘಟಕಕ್ಕೆ 2006ರ ನಿಯಮದ ಪ್ರಕಾರ ಕೇಂದ್ರದ ಪರಿಸರ ಅನುಮತಿ ಬೇಕಿಲ್ಲ. ಹಾಗಾಗಿ ಎಷ್ಟು ನೀರು ಬಿಡಬೇಕು ಅನ್ನುವುದು ಬೇರೆ ಅನುಮತಿ ಪತ್ರಗಳಲ್ಲಿ, ಒಪ್ಪಂದದಲ್ಲಿ ಇರುತ್ತದೆ. ಮಾಹಿತಿ ಹಕ್ಕಿನಲ್ಲಿ ಆ ಪತ್ರಗಳನ್ನು ಮೊದಲು ತೆಗೆಸಿ. ಇನ್ನೊಂದು, 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗಂಗೆಯ ಮೇಲ್ಭಾಗಕ್ಕೆ ನಿಯಮ ಮಾಡಿದೆ. ಮೂಲದ ಹಿಮನದಿಗಳಿಂದ ದೇವಪ್ರಯಾಗದ ಮೂಲಕ ಹರಿದ್ವಾರದವರೆಗೆ ನವೆಂಬರ್‌ನಿಂದ ಮಾರ್ಚ್ ತನಕ 20%, ಅಕ್ಟೋಬರ್, ಏಪ್ರಿಲ್, ಮೇ ತಿಂಗಳಲ್ಲಿ 25%, ಮಳೆಗಾಲದಲ್ಲಿ 30% ನೀರು ಹೊಳೆಯಲ್ಲೇ ಇರಬೇಕು ಅಂತ. ಅದು ಗಂಗೆಗೆ ಮಾತ್ರ, ನಿಮ್ಮ ಹೊಳೆಗೆ ಅನ್ವಯವಾಗುವುದಿಲ್ಲ. ಆದರೆ ಕಾಲಕ್ಕೆ ತಕ್ಕಂತೆ ನೀರು ಉಳಿಸಬೇಕು ಅನ್ನುವುದನ್ನು ಸರ್ಕಾರವೇ ಒಪ್ಪಿದೆ ಅಂತ ಹೇಳಲು ಬರುತ್ತದೆ.

ಹೊಳೆಬದಿಮನೆ (ಏಪ್ರಿಲ್ 6)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ತಿಂಗಳಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಪಟ್ಟಿ ಬರೆದದ್ದು ಫೆಬ್ರವರಿ 9ಕ್ಕೆ. ಮಗ ಗೆರೆ ಎಳೆದ, ನಾನು ಅಪ್ಪನ ಗೀರಿನಿಂದ ನೀರು ತುಂಬಿದ ಪೈಪ್ ಹಿಡಿದು ಅಳೆದೆ. 10 ಗಂಟೆಯ ಓದನ್ನು ಪಕ್ಕದ ಮನೆಯ ಅತ್ತಿಗೆ ಮಾಡುತ್ತಾರೆ, ನನಗೆ ಆ ಹೊತ್ತಿಗೆ ಡೇರಿಯ ಕೆಲಸ ಇರುತ್ತದೆ. ಇವತ್ತಿಗೆ 57 ದಿನ. ಅದರಲ್ಲಿ 4 ದಿನ ಖಾಲಿ, ಮದುವೆಗೆ ಹೋಗಿದ್ದೆವು. ಖಾಲಿಯೇ ಬಿಟ್ಟಿದ್ದೇನೆ ಅಣ್ಣಾ.

ಒಂದು ದಿನದ್ದು ಹೀಗಿದೆ. ಮಾರ್ಚ್ 3: ಬೆಳಿಗ್ಗೆ 7.00ಕ್ಕೆ 58 ಸೆಂಟಿಮೀಟರ್, 10.05ಕ್ಕೆ 21, ಮಧ್ಯಾಹ್ನ 1.00ಕ್ಕೆ 17, ಸಂಜೆ 6.10ಕ್ಕೆ 55. ಕಲ್ಲಿನ ಗುಂಡಿ ತುಂಡಾಗಿದೆ, ನೀರಿನ ಬಿಸಿ 31 ಡಿಗ್ರಿ, ಹೊಳೆಯಲ್ಲಿ 26. ಮೀನು: ಬೆರಳುದ್ದ 6, ಉಳಿದದ್ದು 0. ಮೇಲಿನ ಆಳದ ಗುಂಡಿ: ಬೆರಳುದ್ದ 26, ಗೇಣುದ್ದ 11, ಮೊಳದುದ್ದ 2.

ವಿಚಿತ್ರ ಅನಿಸಿದ್ದು ಇನ್ನೊಂದು. ಮಾರ್ಚ್ ಎರಡನೇ ವಾರ ಐದು ದಿನ ನೀರು ಏರಲೂ ಇಲ್ಲ, ಇಳಿಯಲೂ ಇಲ್ಲ. ಬೆಳಿಗ್ಗೆ ಸಂಜೆ ಎಲ್ಲಾ 36, 37, 37, 36. ಆ ಐದು ದಿನವೂ ಕಲ್ಲಿನ ಗುಂಡಿ ಹೊಳೆಗೆ ಸೇರಿಕೊಂಡೇ ಇತ್ತು. ಇದು ಯಾಕೆ ಹೀಗೆ?

ಕಚೇರಿಗೆ ಮತ್ತೆ ಹೋಗಿದ್ದೆವು. ಈ ಸಲ ಪುಸ್ತಕದ ಜೆರಾಕ್ಸ್ ಇಟ್ಟುಕೊಂಡರು, ಫೋಟೋಗಳನ್ನು ಮೊಬೈಲ್‌ಗೆ ಹಾಕಿಸಿಕೊಂಡರು. ಬಂದು ನೋಡುತ್ತೇವೆ ಅಂದಿದ್ದಾರೆ. ಇನ್ನೂ ಬಂದಿಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದೇನೆ.

ಈಗ ಒಂದು ತೊಂದರೆ. ಮಾರ್ಚ್ ಕೊನೆಯಿಂದ ಮಧ್ಯಾಹ್ನದ ನೀರು ಸೊನ್ನೆಗಿಂತ ಕೆಳಗೆ ಹೋಗುತ್ತಿದೆ. ಅತಿ ಕಡಿಮೆ ನೀರಿಗಿಂತ ಕೆಳಗೆ ಸೊನ್ನೆ ಇಡಿ ಅಂದಿದ್ದಿರಿ. ನಾನು ಕಲ್ಲಿನ ಬುಡಕ್ಕೆ ಇಟ್ಟೆ. ಅದಕ್ಕಿಂತ ಕೆಳಗೆ ನೀರು ಹೋದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಪಟ್ಟಿಯನ್ನು ಅಳಿಸಿ ಹೊಸದಾಗಿ ಬರೆಯಲಾ?

ಹಳೆಗೇಜು

ಬೇಡ, ಅಳಿಸಬೇಡಿ! ಸೊನ್ನೆ ಕದಲಿಸಿದರೆ ಈ 57 ದಿನದ ಅಂಕಿಯೆಲ್ಲ ಬೇರೆಯಾಗುತ್ತದೆ. ಅದೇ ಬಂಡೆಯ ಕೆಳಗೆ ಗೆರೆಗಳನ್ನು ಮುಂದುವರಿಸಿ. ಕೆಳಗಿನ ಗುರುತುಗಳಿಗೆ ಕೆಂಪು ಬಣ್ಣ ಹಾಕಿ. ಸೊನ್ನೆಗಿಂತ ನಾಲ್ಕು ಕೆಳಗಿದ್ದರೆ ಮೈನಸ್ 4 ಅಂತ ಬರೆಯಿರಿ.

ಆ ಐದು ದಿನದ ವಿಷಯ. ಬಹುಶಃ ಯಂತ್ರ ನಿಂತಿತ್ತು. ಯಂತ್ರ ನಿಂತು ಒಡ್ಡು ತುಂಬಿದ ಮೇಲೆ, ಮೇಲಿನಿಂದ ಎಷ್ಟು ಬರುತ್ತದೋ ಅಷ್ಟೇ ಒಡ್ಡು ದಾಟಿ ಕೆಳಗೆ ಬೀಳುತ್ತದೆ. ಹಾಗಿದ್ದರೆ 36, 37 ಅನ್ನುವುದು ಆ ವಾರ ನಿಮ್ಮ ಹೊಳೆಯ ಸ್ವಂತ ನೀರು. ಯಾರೂ ತಡೆಯದಿದ್ದರೆ ಮಧ್ಯಾಹ್ನ 17 ಆಗುತ್ತಿರಲಿಲ್ಲ, ಗುಂಡಿ ತುಂಡಾಗುತ್ತಿರಲಿಲ್ಲ ಅಂತ ನಿಮ್ಮ ಪುಸ್ತಕವೇ ಹೇಳುತ್ತಿದೆ. ಆ ಐದು ದಿನ ಘಟಕ ಎಷ್ಟು ಕರೆಂಟ್ ಉತ್ಪಾದಿಸಿತು ಅಂತ ದಿನಾಂಕ ಹಾಕಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಸೊನ್ನೆ ಅಂತ ಬಂದರೆ ಎರಡು ಹಾಳೆಗಳನ್ನೂ ಪಕ್ಕ ಪಕ್ಕ ಇಟ್ಟು ಅವರ ಮೇಜಿನ ಮೇಲೆ ಇಡಿ.

ಹದಿನೈದನೇ ತಾರೀಕು ನಾನು ಸುಬ್ರಹ್ಮಣ್ಯಕ್ಕೆ ಬರುವವನಿದ್ದೇನೆ. ನಿಮ್ಮಲ್ಲಿಗೂ ಬರುತ್ತೇನೆ, ಕಿತ್ತಳೆ ಬಿಟ್ಟು ಹರಿವು ಅಳೆಯೋಣ. ಅತ್ತಿಗೆಯವರಿಗೂ ಇರಲು ಹೇಳಿ, ಹಗ್ಗ ಹಿಡಿಯಲು ನಾಲ್ಕು ಜನ ಬೇಕು. ಅಷ್ಟರಲ್ಲಿ ಕೆಂಪು ಗೆರೆಗಳನ್ನು ಎಳೆದಿರಿ. ನೀರು ಇಳಿಯುವ ಮಧ್ಯಾಹ್ನವೇ ಬಂಡೆ ಒಣಗಿರುವುದು, ಆಗಲೇ ಬಳಿಯಿರಿ.